ವಿಂಡೋಸ್ ಫೈಲು ಕೆಟ್ಟಿದೆಯೇ? ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ಮಾಡಿ

ಸ್ಟಾರ್ಟ್ ಬಟನ್ ಒತ್ತಿದರೆ ಮೆನು ಬರುವುದಿಲ್ಲ. ಸೆಟ್ಟಿಂಗ್ಸ್ ತೆರೆದಂತೆ ಮಾಡಿ ತಾನೇ ಮುಚ್ಚಿಕೊಳ್ಳುತ್ತದೆ. ಅಪ್‌ಡೇಟ್ ಮುಕ್ಕಾಲು ಭಾಗ ಮುಗಿದು 'ಅನ್‌ಡೂಯಿಂಗ್ ಚೇಂಜಸ್' ಎಂದು ವಾಪಸ್ ಹೋಗುತ್ತದೆ. ನಡುನಡುವೆ ನೀಲಿ ಪರದೆ ಬೇರೆ. ಇಂಥ ಕಂಪ್ಯೂಟರನ್ನು ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ವಿಂಡೋಸ್ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು.'

ಫಾರ್ಮ್ಯಾಟ್ ಮಾಡಿದರೆ ತೊಂದರೆ ಹೋಗುವುದು ಹೌದು. ಅದರ ಜೊತೆಗೆ ಟ್ಯಾಲಿ, ಪ್ರಿಂಟರ್ ಡ್ರೈವರ್, ನುಡಿ ಅಥವಾ ಬರಹ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಡೆಸ್ಕ್‌ಟಾಪಿನ ಮೇಲೆ ಹರಡಿದ್ದ ಫೋಟೋ, ಎಲ್ಲವೂ ಹೋಗುತ್ತವೆ. ಹಾಳಾದ ಸಿಸ್ಟಮ್ ಫೈಲುಗಳನ್ನು, ಅಂದರೆ ವಿಂಡೋಸ್ ಓಡಲು ಬೇಕಾದ ಅದರದೇ ಫೈಲುಗಳನ್ನು, ಸರಿಪಡಿಸುವ ಸಾಧನಗಳು ವಿಂಡೋಸ್ ಒಳಗೇ ಇವೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಅವನ್ನು ಬಳಸುವುದಕ್ಕೆ ಒಂದು ಕ್ರಮವಿದೆ. ಯೂಟ್ಯೂಬಿನಲ್ಲಿ ನೋಡಿದ ಕಮ್ಯಾಂಡುಗಳನ್ನು ಒಂದರ ಮೇಲೊಂದು ಹೊಡೆಯುತ್ತ ಹೋದರೆ ಕೆಲವೊಮ್ಮೆ ಉಳಿಯಬಹುದಾಗಿದ್ದ ಡಿಸ್ಕೂ ಕೈಬಿಡುತ್ತದೆ. ಫೈಲು ತಾನಾಗಿ ಕೆಡುವುದಿಲ್ಲ, ಅದನ್ನು ಕೆಡಿಸಿದ್ದು ಏನೋ ಒಂದು ಇರುತ್ತದೆ. ಆ 'ಏನೋ' ಯಾವುದೆಂದು ನೋಡದೆ ಫೈಲನ್ನಷ್ಟೇ ರಿಪೇರಿ ಮಾಡಿದರೆ ಮುಂದಿನ ವಾರ ಮತ್ತೆ ಅದೇ ಕಥೆ.

ಕಮ್ಯಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ, ಫೋನಿನಲ್ಲಿ ಹೇಳಿ ಬರೆಸುವ ಹಾಗೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ದೊಡ್ಡಕ್ಷರ, ಸಣ್ಣಕ್ಷರ ಯಾವುದಾದರೂ ನಡೆಯುತ್ತದೆ. ಸ್ಲ್ಯಾಶಿನ ಹಿಂದೆ ಒಂದು ಸ್ಪೇಸ್ ಇರಬೇಕು, ಮುಂದೆ ಇರಬಾರದು. ಇದು ತಪ್ಪಿದರೆ ಕಮ್ಯಾಂಡ್ ಓಡದೇ ಇರಬಹುದು. ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ.

ಎಲ್ಲಕ್ಕಿಂತ ಮೊದಲು ಕಾಪಿ

ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದೆ ಎಂದಾದರೆ ಈಗಲೇ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೋ ದೊಡ್ಡ ಪೆನ್‌ಡ್ರೈವೋ ಚುಚ್ಚಿ, ಕಳೆದುಕೊಳ್ಳಬಾರದ್ದನ್ನು ಕಾಪಿ ಮಾಡಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರುಗಳ ಜೊತೆ ಡೆಸ್ಕ್‌ಟಾಪನ್ನೂ ನೋಡಿ. ನಮ್ಮಲ್ಲಿ ಅರ್ಧ ಸಂಸಾರ ಇರುವುದೇ ಡೆಸ್ಕ್‌ಟಾಪಿನ ಮೇಲೆ. ಟ್ಯಾಲಿ ಇದ್ದರೆ ಅದರ ಡೇಟಾ ಫೋಲ್ಡರ್ ಎಲ್ಲಿದೆ ಎಂದು ಅದರೊಳಗೇ ನೋಡಿಕೊಂಡು ಅದನ್ನೂ ಸೇರಿಸಿ. ಕಾಪಿ ಮಾಡುವಾಗ ಯಾವುದೋ ಒಂದು ಫೈಲಿನ ಬಳಿ ನಿಂತು ನಿಂತು ಮುಂದೆ ಹೋಗುತ್ತಿದ್ದರೆ ಅದನ್ನು ನೆನಪಿಟ್ಟುಕೊಳ್ಳಿ. ಡಿಸ್ಕಿನ ಮೇಲೆ ಅನುಮಾನಪಡಲು ಅದು ಮೊದಲ ಕಾರಣ.

ಇನ್ನೊಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಈಚಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಸೈನ್ ಇನ್ ಆಗಿದ್ದರೆ, ನೀವು ಕೇಳದಿದ್ದರೂ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ (ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುವ) ಸಾಧ್ಯತೆ ಹೆಚ್ಚು. ಮಾಮೂಲಿ ದಿನಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ವಿಂಡೋಸ್ ಬೂಟ್ ಆಗದೆ ರಿಪೇರಿ ಪರದೆಗೆ ಹೋದಾಗ ಮಾತ್ರ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಅಂಗಡಿಯವರೂ ಏನೂ ಮಾಡಲಾರರು. ಫೋನಿನ ಬ್ರೌಸರಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ, ಡಿವೈಸಸ್ ಭಾಗದಲ್ಲಿ ಆ ಕೀ ಹುಡುಕಿ ಕಾಗದದ ಮೇಲೆ ಬರೆದಿಡಿ. ಕಂಪ್ಯೂಟರ್ ಕೆಟ್ಟ ಮೇಲೆ, ಯಾವ ಇಮೇಲ್ ಕೊಟ್ಟಿದ್ದೆವೋ ನೆನಪಾಗದೆ ಒದ್ದಾಡುವವರು ಕಡಿಮೆಯಿಲ್ಲ.

ನಿಜಕ್ಕೂ ಸಿಸ್ಟಮ್ ಫೈಲಿನದೇ ತೊಂದರೆಯೇ?

'ಎಂಎಸ್‌ವಿಸಿಪಿ140.ಡಿಎಲ್‌ಎಲ್ ಮಿಸ್ಸಿಂಗ್', 'ವಿಸಿರನ್‌ಟೈಮ್140.ಡಿಎಲ್‌ಎಲ್ ವಾಸ್ ನಾಟ್ ಫೌಂಡ್'. ಹೊಸ ಸಾಫ್ಟ್‌ವೇರೋ ಗೇಮೋ ಹಾಕಿದಾಗ ಬರುವ ಈ ಎರರ್ ನೋಡಿ ವಿಂಡೋಸೇ ಹಾಳಾಯಿತು ಎಂದುಕೊಳ್ಳಬೇಡಿ. ಇವು ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಪ್ಯಾಕೇಜಿಗೆ ಸೇರಿದ ಫೈಲುಗಳು. ಮೈಕ್ರೋಸಾಫ್ಟಿನ ಸೈಟಿನಿಂದ ಆ ಪ್ಯಾಕೇಜನ್ನು ಇಳಿಸಿ ಹಾಕಿದರೆ ಮುಗಿಯಿತು. 64 ಬಿಟ್ ವಿಂಡೋಸ್ ಇದ್ದರೂ ಎಕ್ಸ್64, ಎಕ್ಸ್86 ಎರಡನ್ನೂ ಹಾಕಿ, ಏಕೆಂದರೆ ಹಳೆಯ ಸಾಫ್ಟ್‌ವೇರುಗಳು ಎರಡನೆಯದನ್ನು ಕೇಳುತ್ತವೆ. ಡಿಎಲ್‌ಎಲ್ ಹೆಸರನ್ನು ಗೂಗಲಿನಲ್ಲಿ ಹುಡುಕಿದರೆ ಆ ಒಂದು ಫೈಲನ್ನಷ್ಟೇ ಪುಕ್ಕಟೆ ಕೊಡುತ್ತೇವೆ ಎನ್ನುವ ಸೈಟುಗಳು ಸಾಲಾಗಿ ಬರುತ್ತವೆ. ಅಲ್ಲಿಂದ ತಂದು ಸಿಸ್ಟಮ್32 ಫೋಲ್ಡರಿಗೆ ಹಾಕಬೇಡಿ. ಯಾವ ಆವೃತ್ತಿ, ಯಾರು ತಿದ್ದಿದ್ದು, ಒಳಗೆ ಏನಿದೆ ಎಂದು ತಿಳಿಯಲು ದಾರಿಯೇ ಇಲ್ಲ.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಹೊಸದೊಂದು ಯೂಸರ್ ಅಕೌಂಟ್ ಮಾಡಿ, ಅದರಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಸ್ಟಾರ್ಟ್ ಮೆನು, ಟಾಸ್ಕ್‌ಬಾರ್ ಎಲ್ಲ ಸರಿಯಾಗಿದ್ದರೆ ಕೆಟ್ಟಿರುವುದು ನಿಮ್ಮ ಯೂಸರ್ ಪ್ರೊಫೈಲ್, ವಿಂಡೋಸ್ ಅಲ್ಲ. ಕೆಳಗೆ ಹೇಳುವ ಯಾವ ಕಮ್ಯಾಂಡೂ ಪ್ರೊಫೈಲನ್ನು ಮುಟ್ಟುವುದಿಲ್ಲ. ಹೊಸ ಅಕೌಂಟಿಗೆ ಫೈಲುಗಳನ್ನು ಸಾಗಿಸಿಕೊಂಡು ಅದನ್ನೇ ಬಳಸುವುದು ಜಾಣತನ.

ತೊಂದರೆ ಯಾವತ್ತು ಶುರುವಾಯಿತು ಎಂದು ತಿಳಿಯಲು ರಿಲಯಬಿಲಿಟಿ ಮಾನಿಟರ್ ಇದೆ. ಸ್ಟಾರ್ಟ್ ಸರ್ಚಿನಲ್ಲಿ 'ರಿಲಯಬಿಲಿಟಿ' ಎಂದು ಟೈಪ್ ಮಾಡಿದರೆ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಬರುತ್ತದೆ. ದಿನದ ಲೆಕ್ಕದಲ್ಲಿ ಯಾವ ಸಾಫ್ಟ್‌ವೇರ್ ಸೇರಿತು, ಯಾವ ಅಪ್‌ಡೇಟ್ ಬಂತು, ಯಾವುದು ಕುಸಿಯಿತು ಎಂಬುದೆಲ್ಲ ಒಂದೇ ಗ್ರಾಫಿನಲ್ಲಿ ಕಾಣುತ್ತದೆ. ಮಂಗಳವಾರ ರಾತ್ರಿ ಡ್ರೈವರ್ ಬಂದು ಬುಧವಾರ ಬೆಳಿಗ್ಗೆಯಿಂದ ಕೆಂಪು ಗುರುತು ಶುರುವಾಗಿದ್ದರೆ ಆ ಡ್ರೈವರನ್ನೇ ತೆಗೆಯಬೇಕು, ಫೈಲ್ ರಿಪೇರಿಯಿಂದ ಉಪಯೋಗವಿಲ್ಲ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಯಲ್ಲಿ ನಿಂತವಲ್ಲ, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರಲ್ಲ, ಅಲ್ಲಿಯೂ ವಿಂಡೋಸಿನ ಒಂದು ಫೈಲೂ ಕೆಟ್ಟಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ಅಪ್‌ಡೇಟ್ ಫೈಲು ದೋಷದ್ದಾಗಿತ್ತು. ಸೇಫ್ ಮೋಡಿಗೆ (ತೀರಾ ಅಗತ್ಯದ್ದಷ್ಟೇ ಓಡುವ ಸ್ಥಿತಿಗೆ) ಹೋಗಿ ಅದನ್ನು ಅಳಿಸಿದರೆ ಕಂಪ್ಯೂಟರ್ ಎದ್ದು ಬರುತ್ತಿತ್ತು.

ವಿಂಡೋಸ್ ಒಳಗೆ ನಡೆದದ್ದನ್ನೆಲ್ಲ ದಾಖಲಿಸಿ ತೋರಿಸುವ ಈವೆಂಟ್ ವ್ಯೂಯರ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ತೆರೆದರೆ ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಕೆಂಪು, ಹಳದಿ ಗುರುತುಗಳ ಸಾಲು ಕಾಣುತ್ತದೆ. 'ಮೈಕ್ರೋಸಾಫ್ಟಿನಿಂದ ಮಾತಾಡ್ತಿದ್ದೀವಿ' ಎಂದು ಫೋನ್ ಮಾಡುವ ವಂಚಕರು ಮೊದಲು ತೋರಿಸುವುದೇ ಇದನ್ನು. ಹೆದರಿಸಿ, ನಿಮ್ಮ ಕಂಪ್ಯೂಟರನ್ನು ದೂರದಿಂದಲೇ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಸಿ, ಆಮೇಲೆ ಬ್ಯಾಂಕ್ ಖಾತೆಗೆ ಕೈ ಹಾಕುತ್ತಾರೆ. ಮೈಕ್ರೋಸಾಫ್ಟ್ ತಾನಾಗಿ ಯಾರ ಮನೆಗೂ ಫೋನ್ ಮಾಡುವುದಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಡಿಸ್ಕ್ ಗಟ್ಟಿಯಿದೆಯೇ ನೋಡಿ

ರಿಪೇರಿ ಕಮ್ಯಾಂಡಿಗೆ ಕೈ ಹಾಕುವ ಮೊದಲು ಈ ಹಂತ ಮುಗಿಸಿಕೊಳ್ಳಲೇಬೇಕು. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಮುಂದಿನದು ಏನನ್ನೂ ಮಾಡಬೇಡಿ. ಕಂಪ್ಯೂಟರ್ ಆಫ್ ಮಾಡಿ. ಡೇಟಾ ಬೇಕೇಬೇಕು ಎಂದಾದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ, ಬೇಡವಾದರೆ ಡಿಸ್ಕ್ ಬದಲಾಯಿಸಿ.

ಸದ್ದು ಇಲ್ಲದಿದ್ದರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ವರದಿಯನ್ನು ಅದು ಓದಿ ತೋರಿಸುತ್ತದೆ. ನೀಲಿಯಲ್ಲಿ 'ಗುಡ್' ಎಂದಿದ್ದರೆ ಮುಂದುವರಿಯಿರಿ. ಹಳದಿಯಲ್ಲಿ 'ಕಾಷನ್' ಎಂದಿದ್ದರೆ ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಸಾಲುಗಳನ್ನು ನೋಡಿ. ಹಾರ್ಡ್ ಡಿಸ್ಕಿನಲ್ಲಿ 05 ಎಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು (ಡೇಟಾ ಇಡುವ ಸಣ್ಣ ಸಣ್ಣ ತುಂಡುಗಳು). ಸಿ5 ಎಂದರೆ ಓದಲು ತಕರಾರು ಮಾಡುತ್ತಿರುವ, ಇನ್ನೂ ತೀರ್ಮಾನವಾಗದ ಸೆಕ್ಟರುಗಳು. ಸಿ6 ಎಂದರೆ ಕೈಬಿಟ್ಟವು. ಕಡೆಯ 'ರಾ ವ್ಯಾಲ್ಯೂಸ್' ಕಾಲಮ್ಮಿನಲ್ಲಿ ಇವಕ್ಕೆಲ್ಲ ಸೊನ್ನೆಗಳಷ್ಟೇ ಇರಬೇಕು. ಅಲ್ಲಿ ಅಂಕಿಯ ನಡುವೆ ಎ, ಬಿ, ಸಿ ಅಕ್ಷರಗಳೂ ಕಂಡರೆ ಗಾಬರಿ ಬೇಡ, ಅದು 16ರ ಮೂಲದ ಎಣಿಕೆ. ಈ ಮೂರರಲ್ಲಿ ಯಾವುದಾದರೂ ದಿನದಿಂದ ದಿನಕ್ಕೆ ಏರುತ್ತಿದ್ದರೆ ಸಿಸ್ಟಮ್ ಫೈಲು ಕೆಡುತ್ತಿರುವುದಕ್ಕೆ ಕಾರಣ ಸಿಕ್ಕಿತು. ಹೊಸ ಎಸ್‌ಎಸ್‌ಡಿ ತನ್ನಿ, ಆ ಡಿಸ್ಕಿನ ಮೇಲೆ ರಿಪೇರಿಯ ಪ್ರಯೋಗ ಮಾಡಬೇಡಿ.

ಸಿ7 ಎಂಬ ಸಾಲಿನ ಅಂಕಿ ಮಾತ್ರ ಏರಿದ್ದರೆ ಡಿಸ್ಕನ್ನು ದೂರಬೇಡಿ. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ. ಡೆಸ್ಕ್‌ಟಾಪ್ ಆದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ. ಒಳಗಿರುವ ಚಪ್ಪಟೆಯಾದ ಸಾಟಾ ಕೇಬಲ್ ಎರಡೂ ತುದಿಯಲ್ಲಿ ಗಟ್ಟಿಯಾಗಿ ಕೂತಿದೆಯೇ ನೋಡಿ, ಅನುಮಾನವಿದ್ದರೆ ಹೊಸದು ಹಾಕಿ. ಈ ಅಂಕಿ ಒಮ್ಮೆ ಏರಿದ್ದು ಇಳಿಯುವುದಿಲ್ಲ. ಕೇಬಲ್ ಬದಲಿಸಿದ ಮೇಲೆ ಅದು ಇದ್ದಲ್ಲೇ ನಿಂತರೆ ಕೆಲಸ ಆಯಿತೆಂದು ತಿಳಿಯಿರಿ.

ಡಿಸ್ಕ್ ಗಟ್ಟಿಯಿದೆ ಎಂದು ಖಾತ್ರಿಯಾದ ಮೇಲೆ ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯ ಪರೀಕ್ಷೆ. ಓದುತ್ತಿದ್ದ ಹಾಗೇ ಕರೆಂಟ್ ಹೋಗಿ ಕಂಪ್ಯೂಟರ್ ದಡಕ್ಕನೆ ಆಫ್ ಆಗುವುದು ನಮ್ಮ ಕಡೆ ಮಳೆಗಾಲದ ನಿತ್ಯಕರ್ಮ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್, ಫೈಲುಗಳ ಪಟ್ಟಿಯನ್ನು ಜರ್ನಲ್ (ಬದಲಾವಣೆಗಳ ದಾಖಲೆ) ಇಟ್ಟು ಕಾಪಾಡಿಕೊಳ್ಳುತ್ತದೆ. ಆದರೆ ಫೈಲಿನ ಒಳಗೆ ಬರೆಯುತ್ತಿದ್ದ ವಿಷಯಕ್ಕೆ ಆ ರಕ್ಷಣೆ ಇಲ್ಲ. ಅಪ್‌ಡೇಟ್ ನಡೆಯುವಾಗಲೇ ಕರೆಂಟ್ ಹೋದರೆ ಅರ್ಧ ಬರೆದ ಸಿಸ್ಟಮ್ ಫೈಲು ಉಳಿಯುವುದು ಹೀಗೆ.

ಈಗ ಕಮ್ಯಾಂಡ್ ಪ್ರಾಂಪ್ಟ್, ಅಂದರೆ ಕಮ್ಯಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ ಬೇಕು. ಸ್ಟಾರ್ಟ್ ಸರ್ಚಿನಲ್ಲಿ ಸಿ-ಎಂ-ಡಿ ಎಂದು ಟೈಪ್ ಮಾಡಿ, ಬಂದದ್ದರ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ಸ್ಟಾರ್ಟ್ ಮೆನುವೇ ಸತ್ತಿದ್ದರೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, 'ಟರ್ಮಿನಲ್ (ಅಡ್ಮಿನ್)' ತೆರೆಯಿರಿ, ವಿಂಡೋಸ್ 10ರಲ್ಲಾದರೆ 'ಪವರ್‌ಶೆಲ್ (ಅಡ್ಮಿನ್)'. ಅದೂ ಬಾರದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ 'ರನ್ ನ್ಯೂ ಟಾಸ್ಕ್' ಒತ್ತಿ, ಸಿ-ಎಂ-ಡಿ ಎಂದು ಬರೆದು, ಅಡ್ಮಿನಿಸ್ಟ್ರೇಟರ್ ಹಕ್ಕಿನ ಚೌಕಕ್ಕೆ ಟಿಕ್ ಹಾಕಿ. ಆಮೇಲೆ:

ಚೆಕ್‌ಡಿಸ್ಕ್ ಸಿ: /ಸ್ಕ್ಯಾನ್

ಚೆಕ್‌ಡಿಸ್ಕ್ ಎನ್ನುವುದನ್ನು ಸಿ-ಎಚ್-ಕೆ-ಡಿ-ಎಸ್-ಕೆ ಎಂದು ಬರೆಯಬೇಕು. ವಿಂಡೋಸ್ ಓಡುತ್ತಿರುವಾಗಲೇ ಇದು ನೋಡಿ ಹೇಳುತ್ತದೆ. ತಪ್ಪು ಇದೆ ಎಂದರೆ 'ಸ್ಕ್ಯಾನ್' ಬದಲು 'ಎಫ್' ಹಾಕಿ. ಡ್ರೈವ್ ಬಳಕೆಯಲ್ಲಿದೆ, ಮುಂದಿನ ಸಲ ಬೂಟ್ ಆಗುವಾಗ ಮಾಡಲೇ ಎಂದು ಕೇಳುತ್ತದೆ. 'ವೈ' ಒತ್ತಿ ರೀಸ್ಟಾರ್ಟ್ ಮಾಡಿ. 'ಆರ್' ಎಂಬ ಇನ್ನೊಂದು ಆಯ್ಕೆಯನ್ನೂ ಎಲ್ಲರೂ ಹೇಳುತ್ತಾರೆ. ಅದು ಡಿಸ್ಕಿನ ಇಂಚಿಂಚನ್ನೂ ಓದುತ್ತದೆ. ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ, ಸಾಯುತ್ತಿರುವ ಡಿಸ್ಕಾದರೆ ಅದನ್ನು ಇನ್ನಷ್ಟು ಬೇಗ ಸಾಯಿಸುತ್ತದೆ. ಮನೆಯ ಬಳಕೆಗೆ 'ಎಫ್' ಸಾಕು ಎಂದೇ ನನ್ನ ಅಭಿಪ್ರಾಯ.

ಡಿಸ್ಮ್ ಮೊದಲು, ಎಸ್‌ಎಫ್‌ಸಿ ಆಮೇಲೆ

ಸಿಸ್ಟಮ್ ಫೈಲ್ ಚೆಕರ್, ಅಂದರೆ ಎಸ್‌ಎಫ್‌ಸಿ, ವಿಂಡೋಸ್ 98ರ ಕಾಲದಿಂದ ಇದೆ. ಅದಕ್ಕೇ ಅದು ಎಲ್ಲರ ಬಾಯಲ್ಲೂ ಇದೆ. ಡಿಸ್ಮ್ ಎಂಬುದರ ರಿಪೇರಿ ಸೌಲಭ್ಯ ಬಂದದ್ದು ವಿಂಡೋಸ್ 8ರಲ್ಲಿ, 2012ರಲ್ಲಿ. ಇವೆರಡಕ್ಕೂ ಇರುವ ಸಂಬಂಧ ತಿಳಿದರೆ ಕ್ರಮ ತಾನಾಗಿಯೇ ನೆನಪಿರುತ್ತದೆ.

ವಿಂಡೋಸ್ ಫೋಲ್ಡರಿನೊಳಗೆ ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರ್ ಇದೆ. ಪ್ರತಿ ಸಿಸ್ಟಮ್ ಫೈಲಿನ ಅಸಲು ಪ್ರತಿ ಇರುವುದು ಅಲ್ಲಿ. ರೈತರು ಬಿತ್ತನೆಗೆಂದು ಬೇರೆ ತೆಗೆದಿಡುವ ಬೀಜ ಇದ್ದ ಹಾಗೆ. ಎಸ್‌ಎಫ್‌ಸಿ ಮಾಡುವುದು ಇಷ್ಟೇ: ಬಳಕೆಯಲ್ಲಿರುವ ಫೈಲನ್ನು ಪರೀಕ್ಷಿಸಿ, ಕೆಟ್ಟಿದ್ದರೆ ಅಲ್ಲಿಂದ ತಂದು ಹಾಕುತ್ತದೆ. ತೆಗೆದಿಟ್ಟ ಬೀಜಕ್ಕೇ ಹುಳ ಹಿಡಿದಿದ್ದರೆ? ಎಸ್‌ಎಫ್‌ಸಿ ಎಷ್ಟು ಸಲ ಓಡಿಸಿದರೂ 'ಕೆಲವನ್ನು ಸರಿಪಡಿಸಲಾಗಲಿಲ್ಲ' ಎಂದೇ ಹೇಳುತ್ತದೆ. ಆ ಸಂಗ್ರಹವನ್ನು ಶುದ್ಧ ಮಾಡುವುದು ಡಿಸ್ಮ್ ಕೆಲಸ. ಅದಕ್ಕೆ ಬೇಕಾದ ಒಳ್ಳೆಯ ಪ್ರತಿಗಳನ್ನು ಅದು ವಿಂಡೋಸ್ ಅಪ್‌ಡೇಟ್ ಸರ್ವರಿನಿಂದ ತರಿಸಿಕೊಳ್ಳುತ್ತದೆ. ಹಾಗಾಗಿ ಇಂಟರ್ನೆಟ್ ಇರಬೇಕು. ಫೋನಿನ ಹಾಟ್‌ಸ್ಪಾಟಿನಲ್ಲಿದ್ದರೆ ಡೇಟಾ ಖರ್ಚಾಗುತ್ತದೆ ಎಂಬುದು ನೆನಪಿರಲಿ.

ಮಾತಿನ ನಡುವೆ ಒಂದು ವಿಷಯ. ಜಾಗ ಸಾಲದೆಂದು ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರನ್ನು ಕೈಯಿಂದ ಅಳಿಸಲು ಹೋಗುವವರಿದ್ದಾರೆ. ಅದರ ಗಾತ್ರ ಎಕ್ಸ್‌ಪ್ಲೋರರಿನಲ್ಲಿ ಕಾಣುವಷ್ಟು ನಿಜಕ್ಕೂ ಇಲ್ಲ. ಒಂದೇ ಫೈಲು ಎರಡು ಜಾಗದಲ್ಲಿ ಕಾಣುವಂತೆ ಜೋಡಿಸಿರುವುದರಿಂದ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ಅದನ್ನು ಮುಟ್ಟಬೇಡಿ. ಜಾಗ ಬೇಕಿದ್ದರೆ ಸೆಟ್ಟಿಂಗ್ಸ್‌ನ ಸ್ಟೋರೇಜ್ ಭಾಗದಲ್ಲಿ ಟೆಂಪರರಿ ಫೈಲುಗಳನ್ನು ತೆಗೆಯಿರಿ.

ಸರಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಅದೇ ಕಪ್ಪು ಕಿಟಕಿಯಲ್ಲಿ:

ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್

ಡಿಸ್ಮ್ ಎಂದರೆ ಡಿ-ಐ-ಎಸ್-ಎಂ. ಕ್ಲೀನಪ್ ಮತ್ತು ಇಮೇಜ್ ನಡುವೆ ಹೈಫನ್ ಇದೆ, ರಿಸ್ಟೋರ್‌ಹೆಲ್ತ್ ಒಂದೇ ಪದ. ಬರೀ ಪರೀಕ್ಷೆ ಸಾಕು ಎನ್ನುವವರು ಕೊನೆಯ ಪದದ ಬದಲು 'ಸ್ಕ್ಯಾನ್‌ಹೆಲ್ತ್' ಹಾಕಬಹುದು. ನಾನಂತೂ ನೇರವಾಗಿ ರಿಸ್ಟೋರ್‌ಹೆಲ್ತನ್ನೇ ಕೊಡುತ್ತೇನೆ, ಕೆಟ್ಟದ್ದು ಇಲ್ಲದಿದ್ದರೆ ಅದು ಏನನ್ನೂ ಬದಲಿಸುವುದಿಲ್ಲ.

ಈಗ ತಾಳ್ಮೆ ಬೇಕು. ಶೇಕಡಾವಾರು ಅಂಕಿ ಸ್ವಲ್ಪ ದೂರ ಓಡಿ, ಅರವತ್ತರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಹತ್ತು ನಿಮಿಷವಾದರೂ ಅಲುಗಾಡುವುದಿಲ್ಲ. ಹ್ಯಾಂಗ್ ಆಯಿತೆಂದು ಕಿಟಕಿ ಮುಚ್ಚಬೇಡಿ, ಒಳಗೆ ಕೆಲಸ ನಡೆಯುತ್ತಿರುತ್ತದೆ. ಅನುಮಾನವಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಅಥವಾ ಸಿಪಿಯು ಓಡುತ್ತಿದೆಯೇ ನೋಡಿ. ಹಳೆಯ ಹಾರ್ಡ್ ಡಿಸ್ಕಿದ್ದರೆ ಮುಕ್ಕಾಲು ಗಂಟೆಯೂ ಹಿಡಿಯಬಹುದು. ಲ್ಯಾಪ್‌ಟಾಪಾದರೆ ಚಾರ್ಜರ್ ಹಾಕಿಟ್ಟಿರಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಾದರೆ ಗುಡುಗು ಮಿಂಚಿನ ಸಂಜೆ ಈ ಕೆಲಸ ಬೇಡ.

'ದಿ ರಿಸ್ಟೋರ್ ಆಪರೇಷನ್ ಕಂಪ್ಲೀಟೆಡ್ ಸಕ್ಸೆಸ್‌ಫುಲಿ' ಎಂದು ಬಂದ ಮೇಲೆ:

ಎಸ್‌ಎಫ್‌ಸಿ /ಸ್ಕ್ಯಾನ್‌ನೌ

ಸ್ಕ್ಯಾನ್‌ನೌ ಒಂದೇ ಪದ, ಅದರಲ್ಲಿ ಎರಡು 'ಎನ್' ಅಕ್ಕಪಕ್ಕ ಬರುತ್ತವೆ. ಮುಗಿದಾಗ ಬರುವ ಉತ್ತರ ಹೀಗಿರಬಹುದು.

'ಡಿಡ್ ನಾಟ್ ಫೈಂಡ್ ಎನಿ ಇಂಟಿಗ್ರಿಟಿ ವಯಲೇಷನ್ಸ್' ಎಂದರೆ ಸಿಸ್ಟಮ್ ಫೈಲುಗಳು ಸರಿಯಾಗಿವೆ. ಆದರೂ ತೊಂದರೆ ಉಳಿದಿದ್ದರೆ ಡ್ರೈವರ್, ಆಂಟಿವೈರಸ್, ಪ್ರೊಫೈಲ್ ಇವುಗಳ ಕಡೆ ನೋಡಿ.

'ಫೌಂಡ್ ಕರಪ್ಟ್ ಫೈಲ್ಸ್ ಆ್ಯಂಡ್ ಸಕ್ಸೆಸ್‌ಫುಲಿ ರಿಪೇರ್ಡ್ ದೆಮ್' ಎಂದರೆ ಸಂತೋಷ. ರೀಸ್ಟಾರ್ಟ್ ಮಾಡಿ, ಅದೇ ಕಮ್ಯಾಂಡ್ ಇನ್ನೊಮ್ಮೆ ಕೊಡಿ. ಈ ಸಲ ಮೇಲಿನ ಮೊದಲ ಉತ್ತರ ಬರಬೇಕು.

'ಅನೇಬಲ್ ಟು ಫಿಕ್ಸ್ ಸಮ್ ಆಫ್ ದೆಮ್' ಎಂದರೆ ಯಾವ ಫೈಲು ಎಂದು ತಿಳಿಯಬೇಕು. ಸಿ:\ವಿಂಡೋಸ್\ಲಾಗ್ಸ್\ಸಿಬಿಎಸ್ ಫೋಲ್ಡರಿನಲ್ಲಿ ಸಿಬಿಎಸ್.ಲಾಗ್ ಎಂಬ ಫೈಲಿದೆ. ಅದನ್ನು ಮೊದಲು ಡೆಸ್ಕ್‌ಟಾಪಿಗೆ ಕಾಪಿ ಮಾಡಿ, ಆಮೇಲೆ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಇದ್ದಲ್ಲೇ ತೆರೆಯಲು ಹೋದರೆ 'ಆ್ಯಕ್ಸೆಸ್ ಡಿನೈಡ್' ಬರಬಹುದು. ಕಂಟ್ರೋಲ್-ಎಫ್ ಒತ್ತಿ 'ಕೆನಾಟ್ ರಿಪೇರ್' ಎಂಬ ಎರಡು ಪದ ಹುಡುಕಿ. ಆ ಸಾಲಿನಲ್ಲೇ ಫೈಲಿನ ಹೆಸರಿರುತ್ತದೆ. ಅದು ಯಾವುದೋ ಐಕಾನೋ ಶಾರ್ಟ್‌ಕಟ್ಟೋ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 2019ರ ಜುಲೈಯಲ್ಲಿ ಏನೂ ಆಗದ ಕಂಪ್ಯೂಟರುಗಳಲ್ಲೂ ಎಸ್‌ಎಫ್‌ಸಿ ಹೀಗೆ ದೂರತೊಡಗಿತ್ತು. ವಿಂಡೋಸ್ ಡಿಫೆಂಡರಿಗೆ ಸೇರಿದ ಕೆಲವು ಪವರ್‌ಶೆಲ್ ಫೈಲುಗಳನ್ನು ಅದು ತಪ್ಪಾಗಿ ಕೆಟ್ಟವೆಂದು ಗುರುತಿಸುತ್ತಿತ್ತು. ಮೈಕ್ರೋಸಾಫ್ಟೇ ಅದನ್ನು ಒಪ್ಪಿಕೊಂಡು ಸರಿಪಡಿಸಿತು.

'ಕುಡ್ ನಾಟ್ ಸ್ಟಾರ್ಟ್ ದಿ ರಿಪೇರ್ ಸರ್ವಿಸ್' ಎಂದರೆ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ಎಂಬ ಸರ್ವಿಸನ್ನು ಯಾರೋ ಬಂದ್ ಮಾಡಿದ್ದಾರೆ. ಕಂಪ್ಯೂಟರ್ ಫಾಸ್ಟ್ ಮಾಡುತ್ತೇವೆ ಎನ್ನುವ ಸಾಫ್ಟ್‌ವೇರುಗಳ ಕೈವಾಡ ಹೆಚ್ಚಾಗಿ ಇದರಲ್ಲಿರುತ್ತದೆ. ಸರ್ವಿಸಸ್ ಪಟ್ಟಿ ತೆರೆದು ಅದನ್ನು 'ಮ್ಯಾನ್ಯುಯಲ್' ಮಾಡಿ. 'ಸಿಸ್ಟಮ್ ರಿಪೇರ್ ಪೆಂಡಿಂಗ್' ಎಂದು ಬಂದರೆ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

'ಸೋರ್ಸ್ ಫೈಲ್ಸ್ ಕುಡ್ ನಾಟ್ ಬಿ ಫೌಂಡ್'

ಡಿಸ್ಮ್ ಕೆಲವೊಮ್ಮೆ 0ಎಕ್ಸ್800ಎಫ್081ಎಫ್ ಎಂಬ ಎರರ್ ಕೊಟ್ಟು ಕೈ ಎತ್ತುತ್ತದೆ. ಒಳ್ಳೆಯ ಪ್ರತಿ ಅದಕ್ಕೆ ಎಲ್ಲೂ ಸಿಗಲಿಲ್ಲ ಎಂದರ್ಥ. ಆಗ ಮೈಕ್ರೋಸಾಫ್ಟಿನ ಸೈಟಿನಿಂದ ವಿಂಡೋಸಿನ ಐಎಸ್‌ಒ ಫೈಲ್ ಇಳಿಸಿಕೊಂಡು, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ. ಅದು ಒಂದು ಡಿವಿಡಿಯಂತೆ ಹೊಸ ಡ್ರೈವಾಗಿ ಕಾಣುತ್ತದೆ. 'ಇ' ಎಂದು ಬಂತೆಂದುಕೊಳ್ಳಿ. ಅದರೊಳಗಿನ ಸೋರ್ಸಸ್ ಫೋಲ್ಡರಿನಲ್ಲಿ ಇನ್‌ಸ್ಟಾಲ್.ವಿಮ್ ಇರುತ್ತದೆ. ಅದರಲ್ಲಿ ಹೋಮ್, ಹೋಮ್ ಸಿಂಗಲ್ ಲ್ಯಾಂಗ್ವೇಜ್, ಪ್ರೊ ಹೀಗೆ ಹಲವು ಆವೃತ್ತಿಗಳು ಒಟ್ಟಿಗೆ ಇರುತ್ತವೆ, ಪ್ರತಿಯೊಂದಕ್ಕೂ ಒಂದೊಂದು ಅಂಕಿ. ಇಲ್ಲಿ ಮಾರುವ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಬರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್. ಅಂಕಿ ತಿಳಿಯಲು:

ಡಿಸ್ಮ್ /ಗೆಟ್-ವಿಮ್‌ಇನ್ಫೋ /ವಿಮ್‌ಫೈಲ್:ಇ:\ಸೋರ್ಸಸ್\ಇನ್‌ಸ್ಟಾಲ್.ವಿಮ್

ನಿಮ್ಮ ಆವೃತ್ತಿಯ ಅಂಕಿ 2 ಎಂದಿದ್ದರೆ:

ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್ /ಸೋರ್ಸ್:ವಿಮ್:ಇ:\ಸೋರ್ಸಸ್\ಇನ್‌ಸ್ಟಾಲ್.ವಿಮ್:2 /ಲಿಮಿಟ್‌ಆ್ಯಕ್ಸೆಸ್

ಕೊನೆಯ ಪದದ ಅರ್ಥ, ಅಪ್‌ಡೇಟ್ ಸರ್ವರಿಗೆ ಹೋಗಬೇಡ, ನಾನು ತೋರಿಸಿದಲ್ಲೇ ಹುಡುಕು ಎಂದು. ಫೋಲ್ಡರಿನಲ್ಲಿ ವಿಮ್ ಬದಲು ಇನ್‌ಸ್ಟಾಲ್.ಇಎಸ್‌ಡಿ ಇದ್ದರೆ ಈ ಕೊನೆಯ ಕಮ್ಯಾಂಡಿನಲ್ಲಿ ವಿಮ್ ಎಂದಿರುವಲ್ಲೆಲ್ಲ ಇಎಸ್‌ಡಿ ಎಂದು ಹಾಕಿ, ಅಂಕಿ ತಿಳಿಯುವ ಕಮ್ಯಾಂಡಿನಲ್ಲಿ ಫೈಲಿನ ಹೆಸರನ್ನಷ್ಟೇ ಬದಲಿಸಿ. ಐಎಸ್‌ಒ ನಿಮ್ಮ ವಿಂಡೋಸಿನ ಆವೃತ್ತಿಗೆ ಹೊಂದಬೇಕು. 23ಎಚ್2 ಇರುವ ಕಂಪ್ಯೂಟರಿಗೆ 24ಎಚ್2 ಐಎಸ್‌ಒ ತೋರಿಸಿದರೆ ಮತ್ತೆ ಅದೇ ಎರರ್. ವಿಂಡೋಸ್ ಕೀ ಜೊತೆ ಆರ್ ಒತ್ತಿ 'ವಿನ್‌ವರ್' ಎಂದು ಕೊಟ್ಟರೆ ನಿಮ್ಮದು ಯಾವುದೆಂದು ತಿಳಿಯುತ್ತದೆ.

ಯಾರೋ 'ಲೈಟ್' ಮಾಡಿ ಕೊಟ್ಟ ವಿಂಡೋಸ್ ಹಾಕಿಸಿಕೊಂಡಿದ್ದರೆ ಈ ಹಂತದಲ್ಲೇ ಅದು ಗೊತ್ತಾಗುತ್ತದೆ. ಅಂಥವುಗಳಲ್ಲಿ ಗಾತ್ರ ಇಳಿಸಲು ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರನ್ನೇ ಕತ್ತರಿಸಿರುವುದುಂಟು. ಅದಕ್ಕೆ ರಿಪೇರಿ ಇಲ್ಲ, ಅಸಲಿ ವಿಂಡೋಸ್ ಹಾಕುವುದೊಂದೇ ದಾರಿ. ಆ್ಯಕ್ಟಿವೇಷನ್‌ಗೆಂದು ಕ್ರ್ಯಾಕ್ ಓಡಿಸಿದ್ದರೂ ಸಿಸ್ಟಮ್ ಫೈಲು ತಿದ್ದಿರುವ ಸಾಧ್ಯತೆಯಿದೆ. ಎಸ್‌ಎಫ್‌ಸಿ ಅದನ್ನು ಮೂಲಕ್ಕೆ ತಂದರೆ ಆ್ಯಕ್ಟಿವೇಷನ್ ಹೋಯಿತೆಂದು ಮತ್ತೆ ಕ್ರ್ಯಾಕ್ ಓಡಿಸುತ್ತಾರೆ, ಮತ್ತೆ ಕೆಡುತ್ತದೆ.

ಸರಿಹೋಗಿ ಮತ್ತೆ ಕೆಡುತ್ತಿದ್ದರೆ

ಸಾಗರದ ಕಡೆಯ ನೆಂಟರೊಬ್ಬರ ಡೆಸ್ಕ್‌ಟಾಪ್ ಹೀಗೇ ಕಾಡುತ್ತಿತ್ತು. ಎಸ್‌ಎಫ್‌ಸಿ ಓಡಿಸಿದಾಗ ರಿಪೇರಿ ಆಯಿತು ಎನ್ನುವುದು, ಸ್ವಲ್ಪ ದಿನಕ್ಕೆ 'ಮಾರಾಯ, ಮತ್ತೆ ಅದೇ ಬಂತಲ್ಲೋ' ಎಂದು ಫೋನ್. ಡಿಸ್ಕ್ ವರದಿಯಲ್ಲಿ ಏನೂ ಇರಲಿಲ್ಲ. ತಪ್ಪು ಇದ್ದದ್ದು ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ್‍ಯಾಮಿನಲ್ಲಿ. ಡಿಸ್ಕಿಗೆ ಹೋಗುವ ಪ್ರತಿ ಅಕ್ಷರವೂ ರ್‍ಯಾಮಿನ ಮೂಲಕವೇ ಹಾದುಹೋಗಬೇಕು. ಅಲ್ಲಿ ಒಂದು ಬಿಟ್ ತಿರುಗಿದರೆ ಡಿಸ್ಕಿಗೆ ತಪ್ಪು ಫೈಲೇ ಹೋಗುತ್ತದೆ. ಪ್ರತಿ ಸಲ ಬೇರೆ ಬೇರೆ ಫೈಲು ಕೆಡುವುದು, ಇಳಿಸಿದ ಝಿಪ್ ಫೈಲುಗಳು ತೆರೆಯುವಾಗ ಎರರ್ ಕೊಡುವುದು ರ್‍ಯಾಮ್ ದೋಷದ ಲಕ್ಷಣ.

ಸರ್ಚಿನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್' ಹುಡುಕಿ ಓಡಿಸಿ. ರೀಸ್ಟಾರ್ಟ್ ಆಗಿ ನೀಲಿ ಪರದೆಯಲ್ಲಿ ಪರೀಕ್ಷೆ ನಡೆಯುತ್ತದೆ. ಅದು ಮೇಲುಮೇಲಿನ ಪರೀಕ್ಷೆ. ಪಾಸಾದರೂ ಅನುಮಾನ ಉಳಿದರೆ ಮೆಮ್‌ಟೆಸ್ಟ್86 ಎಂಬುದನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಲು ಬಿಡಿ. ಎರಡು ಸ್ಟಿಕ್ ಇದ್ದರೆ ಒಂದನ್ನು ಕಿತ್ತು ಒಂದರಲ್ಲೇ ನಡೆಸಿ ನೋಡುವುದು ಎಲ್ಲಕ್ಕಿಂತ ಸರಳ. ಆ ನೆಂಟರ ಮನೆಯಲ್ಲಿ ಮಾಡಿದ್ದೂ ಅದನ್ನೇ.

ಬೂಟೇ ಆಗದಿದ್ದರೆ

ಪವರ್ ಬಟನ್ ಒತ್ತಿ, ವಿಂಡೋಸ್ ಲೋಗೋ ಬಂದು ಚುಕ್ಕಿಗಳು ಸುತ್ತಲು ಶುರುವಾದಾಗ ಬಟನ್ ಒತ್ತಿಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನಾಗಿ 'ಆಟೋಮ್ಯಾಟಿಕ್ ರಿಪೇರ್' ಪರದೆಗೆ ಹೋಗುತ್ತದೆ. ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಮೊದಲು ಸ್ಟಾರ್ಟಪ್ ರಿಪೇರ್. ಅಪ್‌ಡೇಟ್ ಆದ ಮೇಲೆ ಈ ಗತಿ ಬಂದಿದ್ದರೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್'ನಲ್ಲಿ ಕೊನೆಯ ಕ್ವಾಲಿಟಿ ಅಪ್‌ಡೇಟ್ ತೆಗೆಯಿರಿ. ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಇದ್ದರೆ ಅದನ್ನೂ ಬಳಸಬಹುದು, ನಿಮ್ಮ ಫೋಟೋ ಡಾಕ್ಯುಮೆಂಟುಗಳಿಗೆ ಏನೂ ಆಗುವುದಿಲ್ಲ.

ಇವು ಯಾವುವೂ ನಡೆಯದಿದ್ದರೆ ಅಲ್ಲೇ ಇರುವ ಕಮ್ಯಾಂಡ್ ಪ್ರಾಂಪ್ಟ್ ತೆರೆಯಿರಿ. ಒಂದು ಸೂಕ್ಷ್ಮ ಗಮನಿಸಿ: ರಿಪೇರಿ ಪರದೆಯಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು. ನಿಮ್ಮ 'ಸಿ' ಅಲ್ಲಿ 'ಡಿ' ಆಗಿರುತ್ತದೆ. 'ಡಿಐಆರ್ ಸಿ:', 'ಡಿಐಆರ್ ಡಿ:' ಎಂದು ಕೊಟ್ಟು ವಿಂಡೋಸ್, ಯೂಸರ್ಸ್ ಎಂಬ ಫೋಲ್ಡರುಗಳು ಯಾವುದರಲ್ಲಿವೆ ನೋಡಿ. 'ಡಿ'ಯಲ್ಲಿದ್ದರೆ:

ಎಸ್‌ಎಫ್‌ಸಿ /ಸ್ಕ್ಯಾನ್‌ನೌ /ಆಫ್‌ಬೂಟ್‌ಡಿಐಆರ್=ಡಿ:\ /ಆಫ್‌ವಿನ್‌ಡಿಐಆರ್=ಡಿ:\ವಿಂಡೋಸ್

ಇಲ್ಲಿ 'ಆಫ್' ಎಂಬುದರಲ್ಲಿ ಎರಡು 'ಎಫ್'. ಅರ್ಧಕ್ಕೆ ನಿಂತ ಅಪ್‌ಡೇಟ್ ಅಡ್ಡಗಾಲು ಹಾಕಿದ್ದರೆ ಇದಕ್ಕೆ ಮೊದಲು:

ಡಿಸ್ಮ್ /ಇಮೇಜ್:ಡಿ:\ /ಕ್ಲೀನಪ್-ಇಮೇಜ್ /ರಿವರ್ಟ್‌ಪೆಂಡಿಂಗ್‌ಆ್ಯಕ್ಷನ್ಸ್

ರಿಪೇರಿ ಇನ್‌ಸ್ಟಾಲ್

ಡಿಸ್ಮ್, ಎಸ್‌ಎಫ್‌ಸಿ ಎರಡೂ ಸೋತರೂ ವಿಂಡೋಸ್ ಓಡುತ್ತಿದ್ದರೆ ಇನ್ನೊಂದು ಒಳ್ಳೆಯ ದಾರಿಯಿದೆ. ಸಾಫ್ಟ್‌ವೇರು, ಫೈಲು ಎಲ್ಲವನ್ನೂ ಹಾಗೇ ಉಳಿಸಿಕೊಂಡು ವಿಂಡೋಸನ್ನು ಅದರ ಮೇಲೇ ಮತ್ತೆ ಹಾಕುವುದು. ಮೇಲೆ ಹೇಳಿದ ಐಎಸ್‌ಒ ತೆರೆದು, ವಿಂಡೋಸ್ ಒಳಗಿನಿಂದಲೇ ಸೆಟಪ್ ಓಡಿಸಿ. 'ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್' ಆಯ್ಕೆಯಾಗಿದೆಯೇ ಎಂದು ಎರಡೆರಡು ಸಲ ನೋಡಿ ಮುಂದೆ ಹೋಗಿ. ಆ ಆಯ್ಕೆ ಮಸುಕಾಗಿ, ಒತ್ತಲು ಬಾರದಂತಿದ್ದರೆ ಹೆಚ್ಚಾಗಿ ಐಎಸ್‌ಒ ಭಾಷೆಯೋ ಆವೃತ್ತಿಯೋ ಹೊಂದಿಲ್ಲ. ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್, ಇಂಗ್ಲಿಷ್ ಇಂಟರ್‌ನ್ಯಾಷನಲ್ ಎರಡೂ ಬೇರೆ ಬೇರೆ. ನಿಮ್ಮ ಭಾಷೆ ಯಾವುದೆಂದು 'ಡಿಸ್ಮ್ /ಆನ್‌ಲೈನ್ /ಗೆಟ್-ಇಂಟಲ್' ಹೇಳುತ್ತದೆ. ಇಂಟಲ್ ಎಂದರೆ ಐ-ಎನ್-ಟಿ-ಎಲ್. ಸಿ ಡ್ರೈವಿನಲ್ಲಿ 25-30 ಜಿಬಿ ಖಾಲಿ ಇಟ್ಟುಕೊಳ್ಳಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ತಾತ್ಕಾಲಿಕವಾಗಿ ತೆಗೆದುಬಿಡಿ.

ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಇದೇ ಕೆಲಸ ಐಎಸ್‌ಒ ಇಲ್ಲದೆಯೂ ಆಗುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂದು ಹೋದರೆ 'ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್' ಎಂಬ ಸಾಲಿನ ಎದುರು 'ರೀಇನ್‌ಸ್ಟಾಲ್ ನೌ' ಇದೆ. ಸೆಟ್ಟಿಂಗ್ಸ್ ತೆರೆಯುತ್ತಿದ್ದರೆ, ಇಂಟರ್ನೆಟ್ ಚೆನ್ನಾಗಿದ್ದರೆ, ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಅದರ ಕೆಳಗಿನ 'ರಿಸೆಟ್ ದಿಸ್ ಪಿಸಿ' ಬೇರೆ. ಅದರಲ್ಲಿ 'ಕೀಪ್ ಮೈ ಫೈಲ್ಸ್' ಒತ್ತಿದರೂ ನೀವು ಹಾಕಿದ ಸಾಫ್ಟ್‌ವೇರುಗಳು ಹೋಗುತ್ತವೆ.

ವಿಂಡೋಸ್ 10ರಲ್ಲೇ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೇಗೂ ರಿಪೇರಿ ಇನ್‌ಸ್ಟಾಲ್ ಮಾಡುವ ಹಂತಕ್ಕೆ ಬಂದಿದ್ದು, ಕಂಪ್ಯೂಟರಿಗೆ ವಿಂಡೋಸ್ 11 ಒಗ್ಗುತ್ತದೆ ಎಂದಾದರೆ 11ರ ಐಎಸ್‌ಒ ಬಳಸಿಯೇ ಇದೇ ರೀತಿ ಮೇಲೇರಬಹುದು, ಫೈಲು ಸಾಫ್ಟ್‌ವೇರು ಉಳಿಯುತ್ತವೆ.

ಕೆಲಸ ಮುಗಿದ ದಿನವೇ ಸರ್ಚಿನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಹುಡುಕಿ, ಸಿ ಡ್ರೈವಿನ ಎದುರು ಪ್ರೊಟೆಕ್ಷನ್ 'ಆಫ್' ಎಂದಿದ್ದರೆ ಆನ್ ಮಾಡಿ. ಅದಕ್ಕೆ ಡಿಸ್ಕಿನ ಶೇಕಡಾ 5ರಷ್ಟು ಜಾಗ ಕೊಟ್ಟರೆ ಸಾಕು. ಎಷ್ಟೋ ಕಂಪ್ಯೂಟರುಗಳಲ್ಲಿ ಇದು ಮೊದಲಿಂದಲೇ ಬಂದ್ ಆಗಿರುತ್ತದೆ.